ವಾರಕ್ಕೊಂದೇ ಮಾತು, ಆದರೆ ತಪ್ಪದೆ

ಸಣ್ಣ ವ್ಯಾಪಾರ ನಡೆಸುವವರ ವಾಟ್ಸ್‌ಆ್ಯಪ್‌ನಲ್ಲಿ ಗ್ರಾಹಕರಿಗೆ ಹೋದ ಸಂದೇಶಗಳನ್ನು ತಾರೀಖಿನ ಪ್ರಕಾರ ನೋಡುತ್ತ ಹೋದರೆ ಹೆಚ್ಚಿನ ಕಡೆ ಒಂದೇ ಬಗೆ ಕಾಣುತ್ತದೆ. ದೀಪಾವಳಿಗೆ ಒಂದು ವಾರವಿರುವಾಗ ಬೆಳಗ್ಗೆ ಫೋಟೊ, ಮಧ್ಯಾಹ್ನ ದರಪಟ್ಟಿ, ಸಂಜೆ ‘ಇಂದೇ ಕೊನೆಯ ದಿನ’. ಹಬ್ಬ ಮುಗಿದ ಮೇಲೆ ಸಂಕ್ರಾಂತಿಯ ತನಕ ಸದ್ದಿಲ್ಲ. ಸಂಕ್ರಾಂತಿಗೆ ಎಳ್ಳು-ಬೆಲ್ಲದ ಚಿತ್ರವಿರುವ ಒಂದು ಶುಭಾಶಯ, ಆಮೇಲೆ ಯುಗಾದಿಯವರೆಗೆ ಮತ್ತೆ ಮೌನ. ನಡುವೆ ಎಂದೋ ಒಮ್ಮೆ ಉತ್ಸಾಹ ಬಂದು ‘ಇನ್ನು ದಿನಾ ಒಂದು ಪೋಸ್ಟ್’ ಎಂದು ಹೊರಟದ್ದು ಎರಡನೇ ವಾರಕ್ಕೆ ಕಾಲಿಡುವ ಮೊದಲೇ ನಿಂತಿರುತ್ತದೆ. ನೀವು ಮರದ ಗಾಣದ ಎಣ್ಣೆ ಮಾರುತ್ತಿರಬಹುದು, ಮನೆಯಲ್ಲೇ ಚಟ್ನಿಪುಡಿ ಮಾಡಿ ಕೊಡುತ್ತಿರಬಹುದು, ಇಳಕಲ್ ಸೀರೆ ತರಿಸುತ್ತಿರಬಹುದು, ಹೊಲಿಗೆ ಅಂಗಡಿ ಅಥವಾ ನರ್ಸರಿ ಇಟ್ಟಿರಬಹುದು. ಸರಕು ಯಾವುದಾದರೂ ಮಾತು ಕಡಿದುಹೋಗುವ ಬಗೆ ಇದೇ.

ಇದಕ್ಕೆ ಸೋಮಾರಿತನವೇ ಕಾರಣ ಎಂದು ವ್ಯಾಪಾರಿಗಳು ತಮ್ಮನ್ನು ತಾವೇ ಬೈದುಕೊಳ್ಳುವುದುಂಟು. ಅದು ಸರಿಯಲ್ಲ. ಬೆಳಗ್ಗೆ ಐದಕ್ಕೆ ಎದ್ದು ಹಿಟ್ಟು ನಾದುವವರನ್ನು, ರಾತ್ರಿ ಹತ್ತರವರೆಗೆ ಹೊಲಿಗೆ ಯಂತ್ರದ ಮುಂದೆ ಕೂರುವವರನ್ನು ಸೋಮಾರಿ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ತಪ್ಪು ಆಗುವುದು ಅಳತೆ ಹಾಕುವಾಗ. ಉತ್ಸಾಹವಿರುವ ದಿನ ಎಷ್ಟು ಮಾಡಬಲ್ಲೆವೋ ಅಷ್ಟನ್ನೇ ನಿಯಮ ಮಾಡಿಕೊಳ್ಳುತ್ತೇವೆ. ಮನೆಯಲ್ಲಿ ಒಂದು ಜ್ವರ, ಊರಲ್ಲಿ ಒಂದು ಜಾತ್ರೆ ಬಂದರೆ ಆ ನಿಯಮ ಮುರಿಯುತ್ತದೆ, ಒಮ್ಮೆ ಮುರಿದದ್ದನ್ನು ಮತ್ತೆ ಹಿಡಿಯಲು ಸಂಕೋಚ. ಹಾಗಾಗಿ ಈ ಲೇಖನದ ವಾದ ಸರಳ: ಗ್ರಾಹಕರೊಂದಿಗಿನ ಮಾತು ತಪ್ಪದೆ ನಡೆಯಬೇಕಾದರೆ ಹೆಚ್ಚು ಶ್ರಮ ಹಾಕಬೇಕಿಲ್ಲ, ಮೊದಲು ಮಾತನ್ನೇ ಕಡಿಮೆ ಮಾಡಬೇಕು. ನಿಮ್ಮ ವರ್ಷದ ಅತಿ ಕೆಟ್ಟ ವಾರದಲ್ಲೂ ಕಳಿಸಲು ಸಾಧ್ಯವಾಗುವಷ್ಟಕ್ಕೆ ಅದನ್ನು ಇಳಿಸಿ, ಅದಕ್ಕೊಂದು ದಿನ ಗೊತ್ತು ಮಾಡಿ.

ಕ್ರಮ ಏಕೆ ಫಲ ಕೊಡುತ್ತದೆ

ನಮ್ಮ ಸಂತೆಗಳನ್ನು ನೋಡಿ. ಮಂಗಳವಾರದ ಸಂತೆಗೆ ಯಾರೂ ಕರಪತ್ರ ಹಂಚುವುದಿಲ್ಲ. ಸುತ್ತಲ ಹಳ್ಳಿಯವರು ಸೋಮವಾರ ರಾತ್ರಿಯೇ ಚೀಲ ಹುಡುಕುತ್ತಾರೆ, ತರಕಾರಿ ಮುಗಿದಿದ್ದರೂ ‘ನಾಳೆ ಸಂತೆ ಇದೆಯಲ್ಲ’ ಎಂದು ಒಂದು ದಿನ ತಡೆಯುತ್ತಾರೆ. ಜನರನ್ನು ಅಲ್ಲಿಗೆ ತರುವುದು ದಿನದ ಮೇಲಿನ ನಂಬಿಕೆ. ಅದೇ ಸಂತೆ ಒಂದು ವಾರ ಮಂಗಳವಾರ, ಇನ್ನೊಂದು ವಾರ ಶನಿವಾರ, ನಡುವೆ ಎರಡು ವಾರ ಇಲ್ಲವೇ ಇಲ್ಲ ಎಂದಾದರೆ ಎಷ್ಟೇ ಡಂಗುರ ಸಾರಿದರೂ ಅರ್ಧ ಜನ ಬರಲಾರರು. ಗ್ರಾಹಕರು ನಿಮಗಾಗಿ ಒಂದು ದಿನ ಕಾಯಲು ಸಿದ್ಧರಾಗುವುದು, ಆ ದಿನ ನೀವು ಇದ್ದೇ ಇರುತ್ತೀರಿ ಎಂದು ಗೊತ್ತಿದ್ದರೆ ಮಾತ್ರ.

ಇದರ ಹಿಂದೆ ನೆನಪಿನ ಲೆಕ್ಕವೂ ಇದೆ. ಕಲಿತದ್ದು ಮೊದಮೊದಲು ವೇಗವಾಗಿ, ಆಮೇಲೆ ನಿಧಾನವಾಗಿ ಮರೆಯುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ಅಳೆದು ತೋರಿಸಿದ್ದ. ಒಂದೇ ಸಲ ಹತ್ತು ಬಾರಿ ಓದುವುದಕ್ಕಿಂತ ಬಿಡುವು ಕೊಟ್ಟು ಓದಿದರೆ ಹೆಚ್ಚು ಉಳಿಯುತ್ತದೆ ಎಂಬುದೂ ಅವನ ಕೆಲಸದಿಂದಲೇ ಬಂದ ತಿಳಿವಳಿಕೆ. ಇದನ್ನು ಜಾಹೀರಾತಿನ ಮೇಲೆ ಪ್ರಯೋಗಿಸಿದವರು ಅಮೆರಿಕದ ಹಬರ್ಟ್ ಝೀಲ್‌ಸ್ಕಿ. 1959ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಗೃಹಿಣಿಯರ ಒಂದು ಗುಂಪಿಗೆ 13 ಜಾಹೀರಾತುಗಳನ್ನು ವಾರಕ್ಕೊಂದರಂತೆ ಅಂಚೆಯಲ್ಲಿ ಕಳಿಸಲಾಯಿತು, ಇನ್ನೊಂದು ಗುಂಪಿಗೆ ಅವೇ 13ನ್ನು ನಾಲ್ಕು ವಾರಕ್ಕೊಂದರಂತೆ ವರ್ಷವಿಡೀ ಕಳಿಸಲಾಯಿತು. ಮೊದಲ ಗುಂಪಿನಲ್ಲಿ ಹದಿಮೂರನೇ ವಾರಕ್ಕೆ ಶೇ 63 ಮಂದಿಗೆ ಜಾಹೀರಾತು ನೆನಪಿತ್ತು. ಆದರೆ ಕಳಿಸುವುದು ನಿಂತ ಕೂಡಲೇ ಆ ನೆನಪು ಕುಸಿಯಿತು. ಎರಡನೇ ಗುಂಪಿನದು ನಿಧಾನವಾಗಿ ಏರಿ ವರ್ಷದ ಕೊನೆಗೆ ಶೇ 48ಕ್ಕೆ ಮುಟ್ಟಿತು, ಇಡೀ ವರ್ಷದ ಸರಾಸರಿಯಲ್ಲಿ ಮೇಲುಗೈಯೂ ಅದರದೇ ಆಯಿತು.

ಈ ಅಧ್ಯಯನವನ್ನು ಇಲ್ಲಿ ತರಲು ಕಾರಣ ಅದು ಎರಡೂ ಕಡೆಗೆ ನ್ಯಾಯ ಹೇಳುತ್ತದೆ ಎಂಬುದು. ಪಟಾಕಿಯನ್ನೋ ಗಣೇಶನ ಮೂರ್ತಿಯನ್ನೋ ಮಾರುವವರಿಗೆ ವರ್ಷದಲ್ಲಿ ಹತ್ತು ದಿನ ನೆನಪಾದರೆ ಸಾಕು. ಅವರು ಎಲ್ಲವನ್ನೂ ಒಟ್ಟಿಗೆ ಸುರಿಯುವುದು ತಪ್ಪಲ್ಲ. ಆದರೆ ಎಣ್ಣೆ, ಪುಡಿ, ಹೊಲಿಗೆ, ಗಿಡ, ಬೇಕರಿ ತಿನಿಸು ಮಾರುವವರ ಗ್ರಾಹಕರಿಗೆ ಯಾವ ದಿನ ಬೇಕಾಗುತ್ತದೆಂದು ಹೇಳಲಾಗದು. ಡಬ್ಬಿ ಖಾಲಿಯಾದ ದಿನ ನಿಮ್ಮ ಹೆಸರು ನೆನಪಿಗೆ ಬರಬೇಕು. ದೀಪಾವಳಿಯ ವಾರ ಕಳಿಸಿದ ಹನ್ನೆರಡು ಸಂದೇಶ ಜನವರಿಯಲ್ಲಿ ಖಾಲಿಯಾಗುವ ಡಬ್ಬಿಗೆ ಉಪಯೋಗವಿಲ್ಲ. ಅದೇ ಹನ್ನೆರಡು ಹನ್ನೆರಡು ವಾರಕ್ಕೆ ಹಂಚಿಕೊಂಡರೆ ಖರ್ಚು ಒಂದೇ, ಫಲ ಬೇರೆ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. 1966ರಿಂದ ಅಮೂಲ್ ಬೆಣ್ಣೆಯ ಹೋರ್ಡಿಂಗ್‌ಗಳಲ್ಲಿ ಬರುತ್ತಿರುವುದು ಅದೇ ಚುಕ್ಕಿ ಫ್ರಾಕಿನ ಹುಡುಗಿ. ಕ್ರಿಕೆಟ್, ಚುನಾವಣೆ, ಸಿನಿಮಾ ಎಂದು ಮಾತಿನ ವಿಷಯ ಸದಾ ಬದಲಾಗುತ್ತದೆ. ಹುಡುಗಿ, ಅಕ್ಷರದ ಜಾಗ, ತಮಾಷೆಯ ಧಾಟಿ ಬದಲಾಗುವುದಿಲ್ಲ. ದೊಡ್ಡ ಸಂಸ್ಥೆಯ ಹಣಬಲ ನಮಗೆಲ್ಲಿ ಎಂದು ಇದನ್ನು ತಳ್ಳಿಹಾಕಬೇಡಿ. ಪ್ರತಿ ಸಲ ಹೊಸ ರೂಪ ಹುಡುಕಲು ಹೋದರೇ ಹೆಚ್ಚು ಹಣ ಮತ್ತು ಸಮಯ ಬೇಕು. ಒಂದು ರೂಪಕ್ಕೆ ಅಂಟಿಕೊಳ್ಳುವುದು ಬಡವರಿಗೆ ಹೆಚ್ಚು ಹೊಂದುವ ಉಪಾಯ.

ಮಾಡುವ ಕ್ರಮ

1. ಕೆಟ್ಟ ವಾರದಿಂದ ಅಳತೆ ತೆಗೆದುಕೊಳ್ಳಿ. ಕಳೆದ ವರ್ಷ ನಿಮಗೆ ಉಸಿರಾಡಲು ಪುರಸೊತ್ತಿಲ್ಲದ ವಾರ ಯಾವುದೆಂದು ನೆನಪಿಸಿಕೊಳ್ಳಿ: ಮನೆಯ ಮದುವೆ, ಆಸ್ಪತ್ರೆ ಓಡಾಟ, ವರಮಹಾಲಕ್ಷ್ಮಿಯ ಆರ್ಡರ್‌ಗಳ ಒತ್ತಡ. ಆ ವಾರ ಎಷ್ಟು ಸಂದೇಶ ಬರೆಯಬಹುದಿತ್ತು? ಹೆಚ್ಚಿನವರ ಉತ್ತರ ಒಂದು, ಅದೂ ನಾಲ್ಕು ಸಾಲಿನದು. ಹಾಗಾದರೆ ನಿಮ್ಮ ನಿಯಮ ಅದೇ: ವಾರಕ್ಕೆ ಒಂದು, ನಾಲ್ಕು ಸಾಲು. ತಿಂಗಳಿಗೊಮ್ಮೆ ಕೊಳ್ಳುವ ದಿನಸಿಯಂಥ ಸರಕಿಗೆ ವಾರ ಸರಿಯಾದ ಅಂತರ. ಸೀರೆ, ಬೊಂಬೆ, ಉಡುಗೊರೆಯಂಥವಕ್ಕೆ ಹದಿನೈದು ದಿನ ಸಾಕು. ಮಂಚ, ಕಪಾಟು ಮಾಡಿಕೊಡುವವರಿಗೆ ತಿಂಗಳಿಗೊಂದು ಮುಗಿದ ಕೆಲಸದ ಫೋಟೊ ಹೋದರೂ ಸರಿ. ಉತ್ಸಾಹ ಉಕ್ಕಿದ ವಾರ ಎರಡು ಕಳಿಸಬೇಕೆನ್ನಿಸಿದರೆ ಎರಡನೆಯದನ್ನು ಬರೆದಿಟ್ಟುಕೊಳ್ಳಿ, ಕಳಿಸಬೇಡಿ. ಯಾವ ಕಾಲಕ್ಕೂ ಸಲ್ಲುವಂಥ ನಾಲ್ಕು ಸಂದೇಶ ಹೀಗೆ ಕೈಯಲ್ಲಿದ್ದರೆ ಕಾಯಿಲೆ ಬಿದ್ದ ವಾರದಲ್ಲಿ ಮನೆಯವರು ಯಾರಾದರೂ ಒಂದನ್ನು ಕಳಿಸಬಹುದು.

2. ದಿನ, ಗಂಟೆ ಗೊತ್ತು ಮಾಡಿ, ಗ್ರಾಹಕರಿಗೂ ಹೇಳಿ. ‘ಪ್ರತಿ ಗುರುವಾರ ಸಂಜೆ ಈ ವಾರದ ಸರಕು ತಿಳಿಸುತ್ತೇವೆ’ ಎಂದು ಮೊದಲ ಸಂದೇಶದಲ್ಲೇ ಬರೆಯಿರಿ, ಅಂಗಡಿಯಲ್ಲೂ ಒಂದು ಚೀಟಿ ಅಂಟಿಸಿ. ಹೇಳಿದ ಮೇಲೆ ತಪ್ಪಿಸಲು ನಿಮಗೇ ನಾಚಿಕೆಯಾಗುತ್ತದೆ. ಈ ನಾಚಿಕೆ ಒಳ್ಳೆಯ ಯಜಮಾನ.

3. ಒಂದೇ ಮುಖ್ಯ ದಾರಿ ಹಿಡಿಯಿರಿ. ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಯೂಟ್ಯೂಬ್ ನಾಲ್ಕರಲ್ಲೂ ಇರಬೇಕೆಂಬ ಆಸೆಯೇ ನಾಲ್ಕರಲ್ಲೂ ಇಲ್ಲದಂತೆ ಮಾಡುತ್ತದೆ. ಈಗಾಗಲೇ ನಿಮ್ಮಿಂದ ಕೊಂಡವರ ಜೊತೆ ಮಾತಾಡಲು ನಮ್ಮ ಊರುಗಳಲ್ಲಿ ಸದ್ಯ ವಾಟ್ಸ್‌ಆ್ಯಪ್ ಅನುಕೂಲ. 2018ರಲ್ಲಿ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಉಚಿತ, ಸರಕುಗಳ ಕ್ಯಾಟಲಾಗ್, ಗ್ರಾಹಕರಿಗೆ ಲೇಬಲ್, ಸಿದ್ಧ ಉತ್ತರ ಎಲ್ಲ ಅದರಲ್ಲಿದೆ. ಆದರೆ ಅದರ ಒಳಗುಟ್ಟು ತಿಳಿದಿರಬೇಕು. ಒಂದೇ ಸಂದೇಶವನ್ನು ಹಲವರಿಗೆ ಬೇರೆಬೇರೆಯಾಗಿ ತಲುಪಿಸುವ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಕಳಿಸಿದ್ದು ನಿಮ್ಮ ನಂಬರನ್ನು ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಒಂದು ಪಟ್ಟಿಗೆ 256 ಮಂದಿಯ ಮಿತಿ. ಸ್ಟೇಟಸ್ 24 ಗಂಟೆಗೆ ಅಳಿಯುತ್ತದೆ. ‘ಕಳಿಸುತ್ತಲೇ ಇದ್ದೇನೆ, ಯಾರೂ ಉತ್ತರಿಸುವುದಿಲ್ಲ’ ಎನ್ನುವವರು ಮೊದಲು ವಿಚಾರಿಸಬೇಕಾದದ್ದು ಇದನ್ನೇ: ಎಷ್ಟು ಗ್ರಾಹಕರು ನಿಮ್ಮ ನಂಬರ್ ಸೇವ್ ಮಾಡಿಕೊಂಡಿದ್ದಾರೆ? ಬಿಲ್ ಕೊಡುವಾಗ ‘ಅಕ್ಕ, ನಮ್ಮ ನಂಬರ್ ಸೇವ್ ಮಾಡ್ಕೊಳ್ಳಿ, ಗುರುವಾರ ಏನು ಬಂದಿದೆ ಅಂತ ಹೇಳ್ತೀವಿ’ ಎಂಬ ಒಂದು ಮಾತು ಹತ್ತು ಪೋಸ್ಟರಿಗೆ ಸಮ.

4. ಪಟ್ಟಿ ನಿಮ್ಮ ಕೈಯಲ್ಲಿರಲಿ. 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿದಾಗ ಟಿಕ್‌ಟಾಕ್‌ನಲ್ಲಿ ಜನರನ್ನು ಸೇರಿಸಿಕೊಂಡಿದ್ದವರೆಲ್ಲ ಅವರನ್ನು ಒಂದೇ ಏಟಿಗೆ ಕಳೆದುಕೊಂಡರು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಸುಮಾರು ಆರು ಗಂಟೆ ಸ್ತಬ್ಧವಾಗಿದ್ದವು. ಗ್ರಾಹಕರ ಹೆಸರು, ನಂಬರ್, ಬಡಾವಣೆ, ಸಾಮಾನ್ಯವಾಗಿ ಕೊಳ್ಳುವುದು ಏನು ಎಂಬ ನಾಲ್ಕು ಅಂಕಣದ ಒಂದು ಪುಸ್ತಕ ಅಥವಾ ಎಕ್ಸೆಲ್ ಹಾಳೆ ಇದ್ದರೆ ಇಂಥ ಹೊತ್ತಿನಲ್ಲಿ ಫೋನಾದರೂ ಮಾಡಬಹುದು.

5. ರೂಪ ಒಂದೇ ಇರಲಿ. ಸಂದೇಶದ ಮೊದಲ ಸಾಲು, ಸಾಲುಗಳ ಕ್ರಮ, ಕರೆಯುವ ರೀತಿ ಬದಲಾಗಬಾರದು. ಗಾಣದ ಎಣ್ಣೆಯವರು ಹೀಗೆ ಬರೆಯಬಹುದು:

‘ಗುರುವಾರದ ಗಾಣ. ಈ ವಾರ ಶೇಂಗಾ, ಕುಸುಬೆ ಎಣ್ಣೆ ತೆಗೆದಿದ್ದೇವೆ. ಕೊಬ್ಬರಿ ಎಣ್ಣೆ ಮುಂದಿನ ವಾರ. ಶೇಂಗಾ ಎಣ್ಣೆಯ ದರ ಹಿಂದಿನಷ್ಟೇ. ಬೇಕಾದವರು ಶುಕ್ರವಾರ ಸಂಜೆ 6ರೊಳಗೆ ತಿಳಿಸಿ, ಶನಿವಾರ ಬಾಟಲಿ ತಂದರೆ ತುಂಬಿಕೊಡುತ್ತೇವೆ. ಭಾನುವಾರ ರಜೆ.’

ಏನಿದೆ, ಏನಿಲ್ಲ, ಎಷ್ಟು, ಯಾವಾಗ. ಇಷ್ಟರಲ್ಲಿ ಅಲಂಕಾರವಿಲ್ಲ, ‘ಡಿಯರ್ ಕಸ್ಟಮರ್’ ಇಲ್ಲ, ಹೂವಿನ ಗುರುತುಗಳಿಲ್ಲ. ಓದುವವರಿಗೆ ಎಲ್ಲಿ ಏನು ಸಿಗುತ್ತದೆಂದು ಮೂರನೇ ವಾರಕ್ಕೆ ಕಣ್ಣಿಗೆ ರೂಢಿಯಾಗುತ್ತದೆ, ಬರೆಯುವವರಿಗೂ ಖಾಲಿ ಪರದೆಯ ಭಯ ಹೋಗುತ್ತದೆ. ಅಂಗಡಿಯಲ್ಲಿ ಯಾವ ಕನ್ನಡದಲ್ಲಿ ಮಾತಾಡುತ್ತೀರೋ ಅದರಲ್ಲೇ ಬರೆಯಿರಿ. ಧಾರವಾಡದವರು ಧಾರವಾಡದಂತೆ, ಕುಂದಾಪುರದವರು ಕುಂದಾಪುರದಂತೆ. ಓದಲು ಕಷ್ಟಪಡುವ ಹಿರಿಯ ಗ್ರಾಹಕರು ಹೆಚ್ಚಿದ್ದರೆ ಇದನ್ನೇ ಅರ್ಧ ನಿಮಿಷದ ಧ್ವನಿ ಸಂದೇಶವಾಗಿ ಕಳಿಸಬಹುದು.

6. ವಿಷಯವನ್ನು ಗಲ್ಲಾದ ಮುಂದೆ ಹುಡುಕಿ. ‘ಹೇಳಲು ಏನಿದೆ?’ ಎಂಬುದು ಎಲ್ಲರ ಗೋಳು. ನಿಮ್ಮ ಗ್ರಾಹಕರು ಪ್ರತಿದಿನ ಕೇಳುವ ಪ್ರಶ್ನೆಗಳನ್ನು ನೀವು ವಿಷಯವೆಂದು ಎಣಿಸದಿರುವುದೇ ಇದಕ್ಕೆ ಕಾರಣ. ಡಿಸೆಂಬರಿನಲ್ಲಿ ಕೊಬ್ಬರಿ ಎಣ್ಣೆ ಬಾಟಲಿ ಹಿಡಿದು ಬರುವವರ ಮುಖದಲ್ಲಿ ಅನುಮಾನವಿರುತ್ತದೆ: ‘ಎಣ್ಣೆ ಗಟ್ಟಿಯಾಗಿದೆ, ಏನಾದರೂ ಬೆರೆಸಿದ್ದೀರಾ?’ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತಾನಾಗಿಯೇ ಹೆಪ್ಪುಗಟ್ಟುತ್ತದೆ, ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ಇಟ್ಟರೆ ಕರಗುತ್ತದೆ. ಈ ಎರಡು ಸಾಲನ್ನು ಚಳಿ ಶುರುವಾಗುವ ಮೊದಲೇ ಕಳಿಸಿದರೆ ಅನುಮಾನ ಹುಟ್ಟುವುದೇ ಇಲ್ಲ. ಬೆಲೆ ಏರಿದಾಗಲೂ ಹಾಗೆಯೇ. ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ದರ ಏರಿದ್ದರಿಂದ ನಮ್ಮ ಎಣ್ಣೆಗೂ ಇಷ್ಟು ಹೆಚ್ಚಾಗಿದೆ ಎಂದು ಮೊದಲೇ ತಿಳಿಸಿದವರ ಜೊತೆ ಗ್ರಾಹಕರು ಚೌಕಾಸಿ ಮಾಡುವುದು ಕಡಿಮೆ. ಗಲ್ಲಾದ ಮುಂದೆ ದಿಢೀರನೆ ಕೇಳಿದರೆ ಜಗಳ. ಸೋಸದ ಎಣ್ಣೆಯ ತಳದಲ್ಲಿ ಗಸಿ ಏಕೆ, ರೇಷ್ಮೆ ಸೀರೆಯನ್ನು ಮಡಿಕೆ ಬದಲಿಸದೆ ವರ್ಷಗಟ್ಟಲೆ ಇಟ್ಟರೆ ಏನಾಗುತ್ತದೆ, ಮಳೆಗಾಲದಲ್ಲಿ ಕುಂಡದ ಗಿಡಕ್ಕೆ ಎಷ್ಟು ನೀರು, ರವಿಕೆ ಹೊಲಿಯಲು ಕೊಡುವ ಮುನ್ನ ಹತ್ತಿಬಟ್ಟೆಯನ್ನು ಏಕೆ ಒಮ್ಮೆ ನೆನೆಸಬೇಕು. ಇವೆಲ್ಲ ನಿಮಗೆ ತಿಳಿದ ಮಾತೇ, ನಿಮಗೆ ಸಪ್ಪೆಯೂ ಹೌದು. ಗ್ರಾಹಕರಿಗೆ ಅಲ್ಲ. ಗಲ್ಲಾದ ಪಕ್ಕ ಒಂದು ಪುಟ್ಟ ಪುಸ್ತಕ ಇಟ್ಟು, ಯಾರಾದರೂ ಪ್ರಶ್ನೆ ಕೇಳಿದ ಕೂಡಲೇ ಗೀಚಿಡಿ. ಒಂದೇ ಪ್ರಶ್ನೆ ಮೂರು ಜನರಿಂದ ಬಂದರೆ ಅದು ಮುಂದಿನ ಗುರುವಾರದ ಸಂದೇಶ.

7. ಹಬ್ಬದ ಲೆಕ್ಕವನ್ನು ಹಿಂದಿನಿಂದ ಹಾಕಿ. ಹೊಸ ಕ್ಯಾಲೆಂಡರ್ ಬಂದ ದಿನ ಕುಳಿತು ನಿಮ್ಮ ಸರಕಿಗೆ ಸಂಬಂಧಪಟ್ಟ ಹಬ್ಬಗಳಿಗೆ ಗುರುತು ಹಾಕಿ, ಗ್ರಾಹಕರು ಕೊಳ್ಳಲು ನಿರ್ಧರಿಸುವ ವಾರ ಯಾವುದೆಂದು ಯೋಚಿಸಿ. ನಾಗರ ಪಂಚಮಿಯ ಉಂಡಿಗೆ ಬೇಕಾದ ಎಳ್ಳು, ಶೇಂಗಾವನ್ನು ಪಂಚಮಿಯ ದಿನ ಯಾರೂ ಕೊಳ್ಳುವುದಿಲ್ಲ. ನರಕ ಚತುರ್ದಶಿಯ ಎಣ್ಣೆ ನೀರಿಗೆ ಎಣ್ಣೆ ಬೇಕಾದವರಿಗೆ ಹತ್ತು ದಿನ ಮೊದಲು ತಿಳಿಯಬೇಕು. ವರಮಹಾಲಕ್ಷ್ಮಿಗೆ ರವಿಕೆ ಬೇಕಾದವರಿಗೆ ‘ಈ ತಾರೀಖಿನ ನಂತರ ಬಟ್ಟೆ ತೆಗೆದುಕೊಳ್ಳುವುದಿಲ್ಲ’ ಎಂದು ಆಷಾಢದಲ್ಲೇ ಹೇಳುವ ದರ್ಜಿಗೆ ಹಬ್ಬದ ಹಿಂದಿನ ರಾತ್ರಿ ನಿದ್ದೆ ಬರುತ್ತದೆ. ಆಷಾಢ, ಪಿತೃಪಕ್ಷದಂಥ ವ್ಯಾಪಾರ ಮಂದವಿರುವ ದಿನಗಳಲ್ಲಿ ಸಂದೇಶ ನಿಲ್ಲಿಸುವುದು ಸಹಜವೆನಿಸುತ್ತದೆ. ಕೊಳ್ಳುವ ಮಾತು ಆಡದೆ ಉಪಯೋಗದ ಮಾತು ಆಡಲು ಅದೇ ತಕ್ಕ ಕಾಲ.

8. ಉತ್ತರಕ್ಕೂ ಒಂದು ಸಮಯ ಇಡಿ. ದಿನವಿಡೀ ಫೋನ್ ನೋಡುತ್ತ ಕೂರಲು ಆಗದು. ಮಧ್ಯಾಹ್ನ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಎಂದು ಹೇಳಿ ಅಷ್ಟು ಪಾಲಿಸಿ. ಅಂಗಡಿ ಮುಚ್ಚಿದ ಹೊತ್ತಿಗೆ ತಾನಾಗಿ ಹೋಗುವ ಉತ್ತರವನ್ನು ಬಿಸಿನೆಸ್ ಆ್ಯಪ್‌ನಲ್ಲಿ ಹೊಂದಿಸಿಡಬಹುದು.

ಬರುವ ಆಕ್ಷೇಪಗಳು

‘ದಿನಾ ಪೋಸ್ಟ್ ಹಾಕದಿದ್ದರೆ ಆಲ್ಗಾರಿದಮ್ ನಮ್ಮನ್ನು ಮೂಲೆಗೆ ತಳ್ಳುತ್ತದೆಯಲ್ಲ?’ ಇದರಲ್ಲಿ ಅರ್ಧ ಸತ್ಯವಿದೆ. ಗುರುತಿಲ್ಲದ ಹೊಸ ಜನರನ್ನು ಇನ್‌ಸ್ಟಾಗ್ರಾಂ ರೀಲ್‌ಗಳ ಮೂಲಕ ಸೆಳೆಯಬೇಕೆನ್ನುವವರಿಗೆ, ಬೇರೆ ರಾಜ್ಯಗಳಿಗೂ ಸೀರೆ ಕಳಿಸುವಂಥವರಿಗೆ, ವಾರಕ್ಕೊಂದು ಸಾಲದು. ಆದರೆ ಹೊಸಬರನ್ನು ಹುಡುಕುವುದು ಒಂದು ಕೆಲಸ, ಇರುವ ಗ್ರಾಹಕರನ್ನು ಉಳಿಸಿಕೊಳ್ಳುವುದು ಇನ್ನೊಂದು. ಎರಡನ್ನೂ ಒಂದೇ ಮೂಟೆಗೆ ಕಟ್ಟಿ ಹೊರಲು ಹೋದಾಗಲೇ ಬೆನ್ನು ಮುರಿಯುವುದು. ಇನ್ನು ಆಲ್ಗಾರಿದಮ್‌ನ ಕೃಪೆಗೆ ಖಾತರಿಯೂ ಇಲ್ಲ. ಇನ್‌ಸ್ಟಾಗ್ರಾಂ 2016ರಲ್ಲಿ ಪೋಸ್ಟ್‌ಗಳನ್ನು ಕಾಲಾನುಕ್ರಮದಲ್ಲಿ ತೋರಿಸುವುದನ್ನು ಬಿಟ್ಟಿತು. ಫೇಸ್‌ಬುಕ್ 2018ರ ಜನವರಿಯಲ್ಲಿ ವ್ಯಾಪಾರದ ಪುಟಗಳಿಗಿಂತ ಬಂಧು-ಮಿತ್ರರ ಪೋಸ್ಟ್‌ಗೆ ಆದ್ಯತೆ ಎಂದು ಘೋಷಿಸಿತು. ದಿನಾ ಬರೆದವರಿಗೂ ಆಗ ರಿಯಾಯಿತಿ ಸಿಗಲಿಲ್ಲ. ಮೊದಲು ಇರುವವರ ಜೊತೆಗಿನ ವಾರದ ಮಾತು ಗಟ್ಟಿಯಾಗಲಿ, ಕೈಯಲ್ಲಿ ಉಳಿದ ಸಮಯ ರೀಲ್‌ಗೆ ಹೋಗಲಿ.

‘ಪದೇ ಪದೇ ಕಳಿಸಿದರೆ ಜನ ಬ್ಲಾಕ್ ಮಾಡುತ್ತಾರೆ.’ ಮಾಡುತ್ತಾರೆ, ಆದರೆ ನೋಡಿ: ಹಾಲಿನವರು ದಿನಾ ಬೆಲ್ ಒತ್ತಿದರೂ ಯಾರೂ ಬಾಗಿಲು ಹಾಕಿಕೊಳ್ಳುವುದಿಲ್ಲ. ತಮಗೆ ಸಂಬಂಧವಿಲ್ಲದ ವಿಷಯ ಹೊತ್ತಲ್ಲದ ಹೊತ್ತಿನಲ್ಲಿ ಬಂದರೆ ತಿಂಗಳಿಗೊಂದೂ ಹೆಚ್ಚೇ. ಹದಿನೈದು ದಿನಕ್ಕೊಮ್ಮೆ ಸಂದೇಶದ ಕೊನೆಗೆ ‘ಇನ್ನು ಬೇಡವಾದರೆ ಬೇಡ ಎಂದು ಬರೆಯಿರಿ, ತೆಗೆದುಹಾಕುತ್ತೇವೆ’ ಎಂದು ಸೇರಿಸಿ. ‘ಬೇಡ’ ಎಂದವರನ್ನು ಅಂದೇ ತೆಗೆಯಿರಿ, ಮುನಿಸಿಕೊಳ್ಳಬೇಡಿ. ಆಸಕ್ತಿಯಿಲ್ಲದ ಐನೂರು ಜನರಿಗಿಂತ ಓದುವ ನೂರು ಜನ ಮೇಲು.

‘ನಮ್ಮದು ಓಣಿಯ ಅಂಗಡಿ, ಗ್ರಾಹಕರು ದಿನಾ ಬರುತ್ತಾರೆ, ಇದೆಲ್ಲ ನಮಗೇಕೆ?’ ಇದು ನ್ಯಾಯವಾದ ಮಾತು. ದಿನವೂ ಮುಖ ನೋಡುವ ಕಿರಾಣಿ ಅಂಗಡಿಗೆ ವಾಟ್ಸ್‌ಆ್ಯಪ್ ಅನಿವಾರ್ಯವಲ್ಲ. ಬಾಗಿಲ ಪಕ್ಕ ಒಂದು ಕರಿಹಲಗೆ, ಪ್ರತಿ ಸೋಮವಾರ ಹೊಸ ಬರಹ, ರಜೆಯ ಸೂಚನೆ. ಇಷ್ಟನ್ನು ವರ್ಷವಿಡೀ ತಪ್ಪದೆ ಮಾಡಿದರೆ ಸಾಕು. ಆದರೆ ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಅಂಗಡಿಯ ಹೆಸರಿದ್ದರೆ ಅಲ್ಲಿನ ಸಮಯ, ನಂಬರ್ ಸರಿಯಿದೆಯೇ ನೋಡಿ. ‘ತೆರೆದಿದೆ’ ಎಂದು ಕಂಡು ಬಂದು ಬೀಗ ನೋಡಿ ಹೋದವರು ಎರಡನೇ ಸಲ ಬರುವುದು ಅಪರೂಪ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಹಬ್ಬದ ದಿನ ಶುಭಾಶಯದ ಚಿತ್ರ ಕಳಿಸಿ ‘ಸಂಪರ್ಕದಲ್ಲಿದ್ದೇವೆ’ ಎಂದುಕೊಳ್ಳುವುದು ಮೊದಲನೆಯದು. ಅಂದು ಎಲ್ಲರ ಫೋನಿನಲ್ಲೂ ಅಂಥ ನೂರು ಚಿತ್ರಗಳಿರುತ್ತವೆ, ನಿಮ್ಮದನ್ನು ತೆರೆಯದೆಯೇ ಅಳಿಸುತ್ತಾರೆ. ದರ ಮುಚ್ಚಿಡುವುದು ಎರಡನೆಯದು. ‘ಬೆಲೆಗಾಗಿ ಮೆಸೇಜ್ ಮಾಡಿ’ ಎಂದು ಬರೆದರೆ ವಿಚಾರಣೆ ಹೆಚ್ಚುತ್ತದೆ ಎಂಬ ನಂಬಿಕೆ ಎಲ್ಲಿಂದ ಹುಟ್ಟಿತೋ ತಿಳಿಯದು. ಅದರಿಂದ ಹೆಚ್ಚುವುದು ಉತ್ತರಿಸುವ ಕೆಲಸ, ಸಂಕೋಚದವರು ಕೇಳದೆ ಮುಂದೆ ಹೋಗುತ್ತಾರೆ.

ಇನ್ನೂ ದೊಡ್ಡ ತಪ್ಪು ಮನೆಯೊಳಗಿನದು. ವಾಟ್ಸ್‌ಆ್ಯಪ್ ಅಪ್ಪನ ಕೈಯಲ್ಲಿ, ಇನ್‌ಸ್ಟಾಗ್ರಾಂ ಮಗಳ ಕೈಯಲ್ಲಿ, ಅಂಗಡಿ ಅಮ್ಮನ ಕೈಯಲ್ಲಿ. ಮೂರು ಕಡೆ ಮೂರು ದರ. ವಾರದ ಸಂದೇಶ ಹೋಗುವ ಮೊದಲು ಮನೆಯವರೆಲ್ಲ ಒಮ್ಮೆ ಓದಿರಬೇಕು, ಅದರಲ್ಲಿರುವ ದರವೇ ಎಲ್ಲ ಕಡೆಯ ದರ. ಹಾಗೆಯೇ ಸಿಮ್ ಆಫರ್‌ಗೆಂದು ನಂಬರ್ ಬದಲಿಸುವುದು. ಹತ್ತು ವರ್ಷ ಜನರ ಫೋನಿನಲ್ಲಿ ಕೂತ ನಂಬರ್ ಅಂಗಡಿಯ ಬೋರ್ಡಿನಷ್ಟೇ ಬೆಲೆಯುಳ್ಳದ್ದು.

ಲೈಕ್ ಎಣಿಸುವುದನ್ನೂ ಬಿಡಿ. ಸಂದೇಶ ಹೋದ ಎರಡು ದಿನದಲ್ಲಿ ಬಂದ ಆರ್ಡರ್ ಎಷ್ಟು, ಹಿಂದೆ ಕೊಂಡವರಲ್ಲಿ ಮೂರು ತಿಂಗಳೊಳಗೆ ಮತ್ತೆ ಬಂದವರು ಎಷ್ಟು ಎಂದು ಬಿಲ್ ಪುಸ್ತಕದಲ್ಲೇ ಗುರುತು ಹಾಕಿಕೊಳ್ಳಿ. ಮೊದಲ ತಿಂಗಳು ಏನೂ ಕಾಣದಿರಬಹುದು. ಮೂರು ತಿಂಗಳು ಮುಗಿಯುವ ಮುನ್ನ ದಿನವನ್ನಾಗಲಿ ರೂಪವನ್ನಾಗಲಿ ಬದಲಿಸಬೇಡಿ.

ಎಚ್ಚರಿಕೆ

ಗ್ರಾಹಕರನ್ನೆಲ್ಲ ಒಂದು ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸಬೇಡಿ. ಗುಂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ನಿಮ್ಮನ್ನು ನಂಬಿ ನಂಬರ್ ಕೊಟ್ಟ ಹೆಣ್ಣುಮಕ್ಕಳಿಗೆ ಅಪರಿಚಿತರ ಕರೆ ಬರಲು ಇದೊಂದೇ ಸಾಕು. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಈ ತೊಂದರೆ ಇಲ್ಲ. ನಂಬರ್ ಕೊಡದಿದ್ದರೆ ಸರಕು ಕೊಡುವುದಿಲ್ಲ ಎಂದು ಹಠ ಮಾಡುವುದೂ ತಪ್ಪು. ಹಾಗೆ ಒತ್ತಾಯಿಸಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ಅಂಗಡಿಗಳಿಗೆ ಸೂಚಿಸಿದೆ. ಅದೇ ವರ್ಷ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಳಹದಿ ಸಮ್ಮತಿ. ಆದ್ದರಿಂದ ‘ವಾರಕ್ಕೊಮ್ಮೆ ಸಂದೇಶ ಕಳಿಸಬಹುದೇ’ ಎಂದು ಕೇಳಿ, ಹೌದೆಂದವರ ಹೆಸರಿನ ಮುಂದೆ ತಾರೀಖು ಬರೆದಿಡಿ. ಒಟ್ಟಾಗಿ ಎಸ್ಸೆಮ್ಮೆಸ್ ಕಳಿಸಬೇಕೆಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2018ರ ನಿಯಮಗಳಂತೆ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ವೇದಿಕೆಯಲ್ಲಿ ನೋಂದಣಿ ಬೇಕು. ಸಾವಿರ ನಂಬರಿಗೆ ಒಂದೇ ಕ್ಲಿಕ್‌ನಲ್ಲಿ ವಾಟ್ಸ್‌ಆ್ಯಪ್ ಕಳಿಸುವ ಅನಧಿಕೃತ ಸಾಫ್ಟ್‌ವೇರ್ ಮಾರುವವರನ್ನು ದೂರವಿಡಿ, ಅದರಿಂದ ನಿಮ್ಮ ನಂಬರೇ ನಿಷೇಧಕ್ಕೆ ಒಳಗಾಗಬಹುದು. ಆಹಾರ ಪದಾರ್ಥ ಮಾರುವವರಿಗೆ ಮತ್ತೊಂದು ಮಾತು: ಈ ಎಣ್ಣೆಯಿಂದ ಸಕ್ಕರೆ ಕಾಯಿಲೆ ವಾಸಿ, ಆ ಪುಡಿಯಿಂದ ಮಂಡಿನೋವು ಮಾಯ ಎಂಬ ಫಾರ್ವರ್ಡ್‌ಗಳನ್ನು, ಬೇರೆ ವಿಷಯ ಸಿಗಲಿಲ್ಲವೆಂದು, ಕಳಿಸಬೇಡಿ. ಆಹಾರ ರೋಗ ಗುಣಪಡಿಸುತ್ತದೆಂದು ಜಾಹೀರಾತು ಮಾಡುವುದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ.

ಈಗಾಗಲೇ ಮಾತು ಕಡಿದಿದ್ದರೆ

ಆರು ತಿಂಗಳಿಂದ ಏನೂ ಕಳಿಸಿಲ್ಲದವರು ಮತ್ತೆ ಶುರು ಮಾಡುವಾಗ ಉದ್ದುದ್ದ ಕ್ಷಮಾಪಣೆ ಬರೆಯುವುದುಂಟು. ಅದರ ಅಗತ್ಯವಿಲ್ಲ, ನಿಮ್ಮ ಮೌನದ ಕಾರಣ ತಿಳಿಯಲು ಗ್ರಾಹಕರು ಕಾದು ಕೂತಿಲ್ಲ. ಭರ್ಜರಿ ರಿಯಾಯಿತಿಯೊಂದಿಗೆ ಮರಳುವುದೂ ಬೇಡ, ಅದು ಮುಂದಿನ ರಿಯಾಯಿತಿಯವರೆಗೆ ಕಾಯುವುದನ್ನು ಕಲಿಸುತ್ತದೆ. ಅಂಗಡಿಯ ಹೆಸರು ಬರೆದು, ನೀವು ನಮ್ಮಲ್ಲಿ ಕೊಂಡಿದ್ದಿರಿ ಎಂದು ನೆನಪಿಸಿ, ಇನ್ನು ಮುಂದೆ ವಾರದ ಇಂಥ ದಿನ ಸಂದೇಶ ಬರುತ್ತದೆ, ಬೇಡವಾದರೆ ತಿಳಿಸಿ ಎಂದು ಕೇಳಿ, ಈ ವಾರ ಏನಿದೆ ಎಂಬುದನ್ನು ನಾಲ್ಕು ಸಾಲಿನಲ್ಲಿ ಹೇಳಿ. ಕೆಲವರು ಪಟ್ಟಿ ಬಿಟ್ಟು ಹೋಗುತ್ತಾರೆ, ಹೋಗಲಿ. ಉಳಿದವರಿಗೆ ಎರಡನೇ ವಾರದ ಸಂದೇಶ ಅದೇ ದಿನ, ಅದೇ ಹೊತ್ತಿಗೆ ಹೋಗಬೇಕು. ಆದ್ದರಿಂದ ಮೊದಲನೆಯದನ್ನು ಕಳಿಸುವ ಮುಂಚೆ ಎರಡನೆಯದನ್ನೂ ಬರೆದು ಮುಗಿಸಿರಿ.